ಹೀರೆಬಳ್ಳಿಯ ಹಂದರಕ್ಕೆ ಬಂದ ಅತಿಥಿಗಳು

ಹೀರೆಬಳ್ಳಿಗೆ ಹಂದರ ಹಾಕಲು ಏನು ಮಹಾ ವಿದ್ಯೆ ಬೇಕು? ನಾಲ್ಕು ಗಳ ನೆಟ್ಟು, ಮೇಲೆ ಅಡ್ಡ ಕಡ್ಡಿ ಬಿಗಿದರೆ ಆಯಿತು. ಸಂಡೂರಿನ ಗಣಿ ಕಚೇರಿಯಲ್ಲಿ ದಿನವಿಡೀ ಲಾರಿಗಳ ಲೆಕ್ಕ ಬರೆಯುವವನಿಗೆ ಇದೊಂದು ಕೆಲಸವೇ!

ಆ ಬಳ್ಳಿಯ ಮೇಲೆ ನನಗೆ ಭಾರೀ ಮಮತೆ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ಸಂಜೆ ಹೊಸಪೇಟೆಗೆ ಬಂದು ಬೀಗ ತೆಗೆದರೆ ಮಾತಾಡಿಸಲು ಯಾರೂ ಇಲ್ಲ. ಬಳ್ಳಿಗೇ ಊಟವಾಯಿತೇ ಎಂದು ಕೇಳುವ ಮಟ್ಟಕ್ಕೆ ಬಂದಿದ್ದೆ. ಅದು ನೆಲದಲ್ಲಿ ಬಿದ್ದು ಕೊಳೆತರೆ ನನ್ನ ಗತಿ?

ರಜೆಯ ದಿನ ಬೆಳಿಗ್ಗೆ ಬಾಗಿಲ ಮುಂದೆ ಗುಣಿ ತೋಡಿದೆ. ತಂದ ಬಿದಿರು ಗಳ ಮೂರೇ! ಅತ್ತಿ ಮರದ ಹಸಿ ಕೊಂಬೆಯೊಂದನ್ನು ಕಡಿದು, ತುದಿಯ ಎಲೆ ಸವರಲು ಸೋಮಾರಿತನವಾಗಿ ಹಾಗೇ ನೆಟ್ಟೆ. ಹಗ್ಗ ಸಾಲಲಿಲ್ಲ. ಹಳೆಯ ಹಳದಿ ಪಂಚೆ ಹರಿದು ಕಟ್ಟಿದೆ. ಎಳೆ ಬಳ್ಳಿಗೆ ಬಿಸಿಲು ತಾಗದಿರಲೆಂದು ಮೇಲೆ ತೆಂಗಿನ ಗರಿ ಹೊದಿಸಿದೆ.

ನಮ್ಮ ಕಡೆ ಮದುವೆ ಮನೆಯ ಮುಂದೆ ಮೊದಲು ನೆಡುವುದು ಹಾಲಗಂಬ. ಅಂದರೆ ಅತ್ತಿಯಂಥ ಹಾಲು ಸುರಿಯುವ ಮರದ ಹಸಿ ಕೊಂಬೆ, ಅದಕ್ಕೊಂದು ಹಳದಿ ಬಟ್ಟೆ. ಆಮೇಲೆ ಗರಿಯ ಹಂದರ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆಗ ತಲೆಯ ತುಂಬ ಹೀರೆಕಾಯಿಯೇ ಇತ್ತು.

ಕೈ ತೊಳೆದು ಹೊರಗೆ ಬಂದರೆ ಎದುರು ಮನೆಯ ಗಂಗಮ್ಮ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ನಿಂತಿದ್ದರು. ಅತ್ತಿ ಕೊಂಬೆಗೆ ಆಗಲೇ ಅರಿಶಿನ, ಕುಂಕುಮ ಬಿದ್ದಿತ್ತು!

"ಒಂದ್ ಮಾತ್ ಹೇಳಬಾರದೇನ್ರಿ ಸರ್? ಹುಡುಗಿ ಯಾವೂರಾಕಿ?"

ಅಲ್ಲೇ ನಿಜ ಹೇಳಬೇಕಿತ್ತು. ಸುಮ್ಮನೆ ನಕ್ಕೆ. ಅದನ್ನವರು ನಾಚಿಕೆ ಎಂದುಕೊಂಡರು. ನನ್ನ ಖಾಲಿ ಪಡಸಾಲೆ ತುಂಬಿತು. ಒಬ್ಬರು ಹುಡುಗಿ ಕಂಪ್ಲಿಯವಳೇ ಇರಬೇಕೆಂದರು, ಇನ್ನೊಬ್ಬರು ಅಡುಗೆಯವರನ್ನು ಗೊತ್ತು ಮಾಡಿದರು. ನಾನು ಎರಡೆರಡು ಸಲ ಚಹಾ ಮಾಡಿದೆ. ನನ್ನ ಮನೆಯಲ್ಲಿ ಇಷ್ಟು ಗದ್ದಲ! ನಿಜವಾಗಿ ಹೇಳುತ್ತೇನೆ, ಭಾಳ ಸಂತೋಷವಾಗಿತ್ತು.

ಹೊರಡುವಾಗ ಗಂಗಮ್ಮ ಕಂಬದ ಬುಡಕ್ಕೆ ಬಗ್ಗಿದರು. "ಇದೇನ್ರಿ ಸರ್, ಹಾಲಗಂಬಕ್ಕ ಹೀರೆಬಳ್ಳಿ ಕಟ್ಟೀರಿ?"

"ಹಂದರ ಅದಕ್ಕೇ ಹಾಕೀನ್ರಿ," ಎಂದೆ, ತಲೆ ಎತ್ತದೆ.

ಓಣಿಗೆ ಓಣಿಯೇ ನಕ್ಕಿತು. ನಗುತ್ತಲೇ ಎಲ್ಲರೂ ಮನೆಗೆ ಹೋದರು. ಗಂಗಮ್ಮ ಮಾತ್ರ ಚಹಾದ ಲೋಟಗಳನ್ನು ಒಟ್ಟುಮಾಡಿ ತಂದು ಒಳಗಿಟ್ಟರು.

"ಬರೇ ಚಾ ಕುಡಿಯಾಕ ಬರ್ರಿ ಅಂದಿದ್ರೂ ಬರ್ತಿದ್ವಲ್ರಿ," ಎಂದರು.

ಹೌದಲ್ಲ! ಇಷ್ಟು ವರ್ಷ ಈ ಉಪಾಯ ನನಗೆ ಹೊಳೆದೇ ಇರಲಿಲ್ಲ. ಮರುದಿನ ಸಂಜೆ ಹಾಲು ತಂದು, ತಲೆ ಬಾಚಿಕೊಂಡು, ಚಹಾಕ್ಕೆ ಕರೆಯಲೆಂದೇ ಗಂಗಮ್ಮನವರ ಬಾಗಿಲಿಗೆ ಹೋದೆ. ಒಳಗೆ ಎಲ್ಲರೂ ಕೂತು ಟಿವಿ ನೋಡುತ್ತ ನಗುತ್ತಿದ್ದರು. ಗಂಗಮ್ಮ ಎದ್ದು ಬಂದು ಏನೆಂದು ಕೇಳಿದರು.

"ಬಳ್ಳಿ ಕಟ್ಟಾಕ ಸುತಳಿ ದಾರ ಐತೇನ್ರಿ?" ಎಂದೆ.

ಇತ್ತು. ದೊಡ್ಡ ಉಂಡೆಯನ್ನೇ ಕೊಟ್ಟರು. ವಾಪಸ್ಸು ಕೊಡುವುದೂ ಬೇಡವಂತೆ!