ದಿಮ್ಮಿ ಮನೆಗೊಂದು ಒಲೆ

ಮಲಕವ್ವ ಗಂಡನನ್ನು ಕೇಳಿದ್ದು ಸಣ್ಣ ಮಾತು.

“ಏನ್ರಿ, ಒಲಿ ಎಲ್ಲಿ ಹೂಡೂದು?”

ಭರಮಪ್ಪ ಅದೊಂದನ್ನು ಗೊತ್ತು ಮಾಡಿರಲಿಲ್ಲ. ಉಳಿದದ್ದೆಲ್ಲ ಮಾಡಿದ್ದ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಪಾಳಿ ಮುಗಿಸಿ, ಕೊರೋಚಿಯ ದಾರಿಯಲ್ಲಿ ತಾನು ಕೊಂಡ ಜಾಗಕ್ಕೆ ಸೈಕಲ್ಲು ತುಳಿದು, ಚಳಿಗಾಲ ಬೇಸಿಗೆ ಎನ್ನದೆ ದುಡಿದು ಅವನು ಕೈಯಾರೆ ಮನೆ ಎಬ್ಬಿಸಿದ್ದ. ಕಲ್ಲಿನದಲ್ಲ, ಇಟ್ಟಂಗಿಯದಲ್ಲ. ಗಡಹಿಂಗ್ಲಜದ ಮಾವ ಹೊಲದ ಬದುವಿನ ಮರಗಳನ್ನು ಕಡಿಸಿದಾಗ, ಬೇಕಾದರೆ ಒಯ್ಯಿ ಎಂದಿದ್ದ. ಆ ದಿಮ್ಮಿಗಳನ್ನು ಭರಮಪ್ಪ ಒಂದರ ಮೇಲೊಂದು ಅಡ್ಡ ಮಲಗಿಸಿ, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚು ಕೊಟ್ಟು, ಒಂದೂ ಮೊಳೆ ಬಡಿಯದೆ ಗೋಡೆ ನಿಲ್ಲಿಸಿದ್ದ. ಮೊದಮೊದಲು ಜನ ಯಾರದೋ ಚಿತೆಗೆ ಕಟ್ಟಿಗೆ ಒಟ್ಟಿದ್ದಾರೆಂದು ಕೈಮುಗಿದು ಮುಂದೆ ಹೋಗುತ್ತಿದ್ದರು. ಮೇಲೆ ಹಂಚು ಏರಿದ ಬಳಿಕ ಅದೇ ಜನ ಸೈಕಲ್ಲು ನಿಲ್ಲಿಸಿ, ದಿಮ್ಮಿಗಳ ಸಂದಿಯಲ್ಲಿ ಉಗುರು ತೂರಿಸಲು ನೋಡಿ, ತೂರದೆ, ತಲೆದೂಗಿ ಹೋಗತೊಡಗಿದರು.

ಆದರೆ ಒಳಗೆ ಮನೆ ಬರೀ ಬಯಲು. ಗೋಡೆ ಎಬ್ಬಿಸುವ ಉಮೇದಿನಲ್ಲಿ ಒಳಗೆ ಎಲ್ಲಿ ಏನು ಬರಬೇಕೆಂದು ಅವನು ಯೋಚಿಸಿಯೇ ಇರಲಿಲ್ಲ. ಮರುದಿನ ಬಾಡಿಗೆಗಿದ್ದ ಚಾಳಿನ ಖೋಲಿ ಬಿಡಬೇಕು. ಆ ಖೋಲಿಯಲ್ಲಿ ಒಲೆ ಇದ್ದದ್ದು ಬಾಗಿಲ ಹಿಂದೆ. ಯಾರು ಬಾಗಿಲು ನೂಕಿದರೂ ಮಲಕವ್ವ ರೊಟ್ಟಿ ಹಂಚು ಹಿಡಿದು ಏಳಬೇಕು. ಮದುವೆಯಾದಂದಿನಿಂದ ಹಾಗೆ ಎದ್ದೆದ್ದು ಬೇಯಿಸಿದವಳು ಅವಳು. ಅತ್ತ ಸರಿ ಎಂದು ಯಾರೂ ಅನ್ನದಂಥ ಒಂದು ಒಲೆ, ಅಷ್ಟೇ ಅವಳಿಗೆ ಬೇಕಾಗಿದ್ದುದು.

ಅಂದು ಸುಟ್ಟಿ, ಪಾಳಿ ಇರಲಿಲ್ಲ. ಭರಮಪ್ಪ ರಂಗೋಲಿ ಹಿಟ್ಟು ಹಿಡಿದು ನೆಲದ ಮೇಲೆ ಖೋಲಿಗಳ ಗೆರೆ ಎಳೆಯತೊಡಗಿದ. ಮೊದಲ ಗೆರೆ ಮುಗಿಯುವ ಮುನ್ನವೇ ಗುರಣ್ಣ ಕಾಕಾ ಒಳಗೆ ಬಂದ. ಚಾಳಿನಲ್ಲಿ ಎಲ್ಲರಿಗಿಂತ ಹಿರಿಯ. ಸ್ವಂತ ಮನೆ ಕಟ್ಟಿದವನಲ್ಲ, ಆದರೆ ಊರ ಮಂದಿಯ ಮನೆಗೆಲ್ಲ ವಾಸ್ತು ಹೇಳಿದವನು. ಅವನ ಹಿಂದೆಯೇ ಶೆಡ್ಡಿನ ಜಾಬರ್ ತಾತೋಬಾ, ಮಗ್ಗ ರಿಪೇರಿಯಲ್ಲಿ ಪಳಗಿದ ಕೈ, ಕರಗಸ ಹೊತ್ತು ಬಂದ. ಅಷ್ಟರಲ್ಲಿ ರುಮಾಲು ಸುತ್ತಿದ, ಕಂಕುಳಲ್ಲಿ ಛತ್ರಿ ಇಟ್ಟುಕೊಂಡ ಎತ್ತರದ ಮನುಷ್ಯನೊಬ್ಬ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆಗೆದ. ಭರಮಪ್ಪ ಅವನನ್ನು ಕಾಕಾನ ಬೀಗರೆಂದು ತಿಳಿದ. ಕಾಕಾ ಅವನನ್ನು ತಾತೋಬಾನ ಪೈಕಿ ಎಂದು ತಿಳಿದ. ಅಳತೆಯ ಹಗ್ಗದ ತುದಿಯೊಂದು ಹಿಡಿಯುವವರಿಲ್ಲದೆ ಬಿದ್ದಿತ್ತು. ಅದನ್ನು ಅವನ ಕೈಗೆ ಕೊಟ್ಟರು. ಅವನು ಪಾಪ ಹಿಡಿದು ನಿಂತ. ಹೆಸರು ಯಲಗೂರಪ್ಪ, ದಾನೋಳಿಯವನು ಎಂದಷ್ಟೇ ತಿಳಿಯಿತು.

ಒಲೆಯನ್ನು ಅಗ್ನಿಮೂಲೆ ಬಿಟ್ಟು ಬೇರೆಲ್ಲೂ ಹೂಡಬಾರದೆಂದು ಕಾಕಾ ಹೇಳಿದ. ಮಲಕವ್ವ ಆಗ್ನೇಯ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಉರಿ ಹಚ್ಚಿ, ಬಂದವರ ಊಟಕ್ಕೆಂದು ಅನ್ನಕ್ಕಿಟ್ಟಳು. ನೀರು ಕುದಿಯುವ ಮೊದಲೇ ದಿಮ್ಮಿ ಗೋಡೆ ಕಪ್ಪಿಟ್ಟು ಚುರುಗುಟ್ಟಿತು. ತಾತೋಬಾ ಕುಡಿಯುವ ನೀರಿನ ಕೊಡ ಎತ್ತಿ ಸುರಿದ. ಗೋಡೆ ಉಳಿಯಿತು. ಕಾಕಾ ನೆನೆದ ಕೋಳಿಯಂತೆ ಧೋತರ ಝಾಡಿಸುತ್ತ ನಿಂತ.

“ಕಟ್ಟಿಗಿ ಮನ್ಯಾಗ ಗ್ವಾಡಿ ಬಾಜೂಕ ಒಲಿ ಹೂಡ್ತಾರೇನ್ರಿ? ನಟ್ಟ ನಡುವ ಹೂಡ್ರಿ,” ಎಂದ ತಾತೋಬಾ.

ನಡುವೆ ಬ್ರಹ್ಮಸ್ಥಾನ, ಅಲ್ಲಿ ಬೆಂಕಿ ಇಟ್ಟರೆ ವಂಶ ಬೆಳಗುವುದಿಲ್ಲ ಎಂದ ಕಾಕಾ. ಆದರೂ ಕಲ್ಲುಗಳು ನಡುವೆ ಬಂದವು. ಹೊಗೆ ಹೋಗಲು ದಾರಿ ಕಾಣದೆ ಮನೆಯೊಳಗೇ ಸುತ್ತಿತು. ಎಲ್ಲರೂ ಕಣ್ಣೊರೆಸುತ್ತ ಹೊರಗೆ ಬಂದು ಕುಳಿತಾಗ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ತೀರಿಕೊಂಡವರು ಯಾರೆಂದು ಮೆಲ್ಲಗೆ ವಿಚಾರಿಸಿದಳು.

ಹಂಚಿನ ಸಂದಿಯಿಂದ ನುಸುಳಿದ ಹೊಗೆ ತೆಂಕಣ ಮಗ್ಗುಲ ಮನೆಯ ರಂಗುಬಾಯಿಯನ್ನು ಎಬ್ಬಿಸಿತು. ಒಣಗಲು ಹಾಕಿದ್ದ ಸೀರೆಯನ್ನು ಕೈಯಲ್ಲಿ ಹಿಡಿದೇ ಬಂದಳು.

“ಅಹೋ ಭರಮಪ್ಪಾ, ಧೂರ ಸಗಳಾ ಮಾಝ್ಯಾ ಘರಾತ,” ಎಂದು ಮರಾಠಿಯಲ್ಲಿ ಕೂಗಿ, ಹೊಗೆ ತನ್ನ ಮನೆಯನ್ನೆಲ್ಲ ತುಂಬಿದೆ ಎನ್ನುತ್ತ ಆ ಸೀರೆಯನ್ನು ಅವನ ಮೂಗಿಗೆ ಹಿಡಿದಳು. ಮೂಸಿದ. ಹೊಗೆ ಅಲ್ಲಿಯೇ ಇತ್ತು.

ಒಲೆ ಬಾಗಿಲ ಹತ್ತಿರ ಬಂತು. ಹೆಜ್ಜೆ ಇಡುವಾಗ ಕಾಕಾನ ಒದ್ದೆ ಧೋತರ ಗಡಿಗೆಗೆ ತಾಗಿ ಅರ್ಧ ಅನ್ನ ನೆಲದ ಪಾಲಾಯಿತು. ಉಳಿದರ್ಧವನ್ನು ಮಲಕವ್ವ ಎತ್ತಿಕೊಂಡಳು. ತವರಿಗೂ ಗಂಡನ ಮನೆಗೂ ತಿರುಗಿ ತಿರುಗಿ ಎಲ್ಲೂ ನೆಲೆ ನಿಲ್ಲದ ಸೊಸೆಯಂತೆ ಆ ಗಡಿಗೆ ಅವಳ ಸೊಂಟದ ಮೇಲೆ ಕುಳಿತಿತ್ತು. ಅವಳು ಯಾರನ್ನೂ ಬೈಯಲಿಲ್ಲ. ಗಂಡನ ಮುಖ ನೋಡಿದಳು, ಅಷ್ಟೇ. ಭರಮಪ್ಪನಿಗೆ ಮಾವನ ಹೊಲದ ಅಷ್ಟೂ ದಿಮ್ಮಿಗಳು ಎದೆಯ ಮೇಲೆ ಬಂದು ಕುಳಿತಂತಾಯಿತು.

ಆಗ ಮುಂಜಾನೆಯಿಂದ ಹಗ್ಗ ಹಿಡಿದಿದ್ದ ಯಲಗೂರಪ್ಪ ಕೆಮ್ಮಿದ.

“ನಾ ಒಂದ ಮಾತ ಹೇಳಲೇನ್ರಿ? ಒಲಿ ಅಗ್ನಿಮೂಲ್ಯಾಗ ಇರಲಿ. ದಿಮ್ಮೀಗಿ ಬೆಂಕಿ ತಾಗದಂಗ ಒಳಮಗ್ಗಲ ಕಲ್ಲ-ಕೆಸರಿಂದ ಒಂದ ಗಿಡ್ಡ ಗ್ವಾಡಿ ಎಬ್ಬಸ್ರಿ. ಮೂಡಲ ದಿಕ್ಕಿಗೆ ಒಂದ ಕಿಂಡಿ ಕೊರೀರಿ. ಪಡುವಣ ಗಾಳಿ ಹೊಗಿ ಒಯ್ದ ರಸ್ತಾದಾಗ ಚೆಲ್ಲತೈತಿ. ರಸ್ತಾ ಯಾರಪ್ಪಂದೂ ಅಲ್ಲ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾನ ವಾಸ್ತು ಉಳಿಯಿತು, ತಾತೋಬಾನ ಗೋಡೆ ಉಳಿಯಿತು, ರಂಗುಬಾಯಿಯ ಸೀರೆ ಉಳಿಯಿತು. ಒಲೆ ನಿಂತ ಮೇಲೆ ಉಳಿದದ್ದೆಲ್ಲ ತಾನಾಗಿಯೇ ತನ್ನ ಜಾಗಕ್ಕೆ ಬಂತು. ಈಶಾನ್ಯಕ್ಕೆ ದೇವರು, ನೈಋತ್ಯಕ್ಕೆ ಮಲಗುವ ಖೋಲಿ, ನಡುವೆ ಬಂದವರು ಕೂರುವ ಪಡಸಾಲೆ. ಭರಮಪ್ಪ ಎಳೆದ ಗೆರೆಗಳ ಮೇಲೆ ಕಾಲಿಡಲು ಸಹ ಜನ ಹಿಂಜರಿದರು, ಅಷ್ಟು ಚೆಂದ ಕಂಡವು. ಬೆಳಿಗ್ಗೆ ಜಗಳಾಡಿದವರೆಲ್ಲ ಕೆಲಸಕ್ಕೆ ಬಿದ್ದರು. ತಾತೋಬಾ ಕಿಂಡಿ ಕೊರೆದ. ರಂಗುಬಾಯಿ ಸೀರೆ ಎತ್ತಿ ಕಟ್ಟಿ ಕೆಸರು ತುಳಿದಳು. ಕಾಕಾ ಕಲ್ಲು ಎತ್ತಲಿಲ್ಲ, ಆದರೆ ಯಾವ ಕಲ್ಲು ಎತ್ತಬೇಕೆಂದು ತೋರಿಸಿದ. ಹೊತ್ತು ಇಳಿಯುವಾಗ ಗೋಡೆ ನಡುಮಟ್ಟ ಬಂತು. ಮಲಕವ್ವ ಒಲೆ ಹಚ್ಚಿ ಗಡಿಗೆ ಏರಿಸಿದಳು. ಹೊಗೆ ಹೇಳಿದ ಮಾತು ಕೇಳುವ ಎತ್ತಿನಂತೆ ಕಿಂಡಿಯಿಂದ ನೆಟ್ಟಗೆ ರಸ್ತೆಗೆ ಹೋಯಿತು. ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡು ಮೊದಲ ಬಾರಿಗೆ ನಕ್ಕಳು. ಭರಮಪ್ಪನಿಗೆ ಅಷ್ಟು ದಿನದ ದುಡಿತವೆಲ್ಲ ಆ ನಗೆಯಲ್ಲಿ ತೀರಿಹೋಯಿತು.

ಆಗಲೇ ಬಾಪೂಸಾಹೇಬರ ಟಾಂಗಾ ಬಂದು ನಿಂತಿತು. ಆ ರಸ್ತೆಯ ಎರಡೂ ಮಗ್ಗುಲ ಜಾಗಗಳನ್ನು ಮಾರಿದವರು ಅವರೇ. ಒಳಗೆ ಬಂದು ದಿಮ್ಮಿ ಸವರಿದರು, ಕಿಂಡಿಯಲ್ಲಿ ಇಣುಕಿದರು, ಗೆರೆಗಳನ್ನು ದಾಟದೆ ಸುತ್ತು ಹಾಕಿದರು. ವಾ, ಫಾರ ಛಾನ, ಎಂದು ಹೊಗಳುತ್ತ ಕೈಚಾಚಿ ಮುಂದೆ ಬಂದರು. ಭರಮಪ್ಪನೂ ಕೈ ಒರೆಸಿಕೊಂಡು ಮುಂದೆ ಬಂದ. ಅವರು ಅವನನ್ನು ದಾಟಿ ಹೋಗಿ ಯಲಗೂರಪ್ಪನ ಕೈ ಕುಲುಕಿದರು.

“ಯಲಗೂರಪ್ಪ, ದಾನೋಳ್ಯಾಗ ಕುಂತ ಇಂಥಾ ಮನಿ ಯಾವಾಗ ಕಟ್ಟಿಸಿದ್ರಿ? ನನಗ ಹೇಳಲೇ ಇಲ್ಲ.” ಆಮೇಲೆ ಭರಮಪ್ಪನತ್ತ ತಿರುಗಿ, ರಸ್ತೆಯ ಆಚೆ ಜಾಲಿ ಬೆಳೆದ ಜಾಗಕ್ಕೆ ಬೆತ್ತ ತೋರಿಸಿ, “ನೋಡು ಭರಮಪ್ಪ, ನೀ ಯಾವಾಗ ಶುರು ಮಾಡಾಂವ?” ಎಂದರು.

ಭರಮಪ್ಪ ಆ ಜಾಲಿಯನ್ನೂ ತನ್ನ ಗೋಡೆಯನ್ನೂ ಎರಡೆರಡು ಸಲ ನೋಡಿದ. ಕೇಳಿ ನೋಡಿದಾಗ ಸಂಗತಿ ಇಷ್ಟೇ. ಜಾಗ ತೋರಿಸಿದ ದಿನ ಬಾಪೂಸಾಹೇಬರು ಇಚಲಕರಂಜಿಗೆ ಮರಳುವ ಟಾಂಗಾದಲ್ಲಿ ಕುಳಿತು, ಎಡಗಡೆಯದು ನಿನ್ನದು ಎಂದಿದ್ದರು. ಮರುದಿನ ಭರಮಪ್ಪ ಇಚಲಕರಂಜಿಯಿಂದ ಸೈಕಲ್ಲಿನಲ್ಲಿ ಬಂದು ತನ್ನ ಎಡಗಡೆಗೆ ಗುದ್ದಲಿ ಹಾಕಿದ್ದ. ಅದು ಯಲಗೂರಪ್ಪ ಕೊಂಡ ಜಾಗ.

ಭರಮಪ್ಪ ಯಲಗೂರಪ್ಪನತ್ತ ನೋಡಿದ. “ಮುಂಜಾನೀನ ಒಂದ ಮಾತ ಹೇಳಬಾರದಿತ್ತೇನ್ರಿ?”

“ಹೇಳಾಕಂತನ ಬಾಯಿ ತಗದೆ, ಹಗ್ಗ ಕೊಟ್ರಿ. ಆಮ್ಯಾಲ ನಿಮ್ಮ ಕೆಲಸ ನೋಡಿದೆ, ನಾಲಿಗಿ ಏಳಲಿಲ್ಲ. ಇಂಥಾ ಮಾತು ಖಾಲಿ ಹೊಟ್ಟೀಗೆ ಹೇಳಬಾರದು, ಅನ್ನ ಆಗಲಿ ಅಂತ ಕುಂತೆ. ಅನ್ನ ಆಗಲೇ ಇಲ್ಲ.”

ಅವನು ಒಳ್ಳೆಯ ಮನುಷ್ಯ. ದಿಮ್ಮಿಗಳೆಲ್ಲ ಭರಮಪ್ಪನವೇ; ಬಿಚ್ಚಿ ಆಚೆ ಸಾಗಿಸಲು ತಾನೂ ಹೆಗಲು ಕೊಡುತ್ತೇನೆಂದ. ಮೊಳೆ ಇಲ್ಲದ ಮನೆ, ಬಿಚ್ಚುವುದು ಕಷ್ಟವಲ್ಲ ಎಂದು ಎಲ್ಲರೂ ಭರಮಪ್ಪನ ಕಚ್ಚುಗಳನ್ನು ಮತ್ತೊಮ್ಮೆ ಹೊಗಳಿದರು. ಬಳಿಕ ಯಲಗೂರಪ್ಪ ಸಂಕೋಚದಿಂದ, ಆ ಕೆಸರಿನ ಗೋಡೆಯನ್ನು ಮಾತ್ರ ಕೆಡವುವುದು ಬೇಡ, ಗೆರೆಗಳನ್ನೂ ಅಳಿಸುವುದು ಬೇಡ, ತನಗೂ ಇದೇ ನಕ್ಷೆಯ ಮನೆ ಸಾಕು ಎಂದ.

ಆಚೆಯ ಜಾಗಕ್ಕೆ ರಸ್ತೆ ಪಡುವಣಕ್ಕೆ, ಬಾಗಿಲೂ ಅತ್ತಲೇ. ಮನೆಯನ್ನು ಇದ್ದ ಹಾಗೆಯೇ ತಿರುಗಿಸಿ ಇಟ್ಟರೆ ಕಿಂಡಿಯ ಮೂಲೆ ಹೋಗಿ ವಾಯುವ್ಯಕ್ಕೆ ಕೂರುತ್ತದೆ, ಗಾಳಿ ನೇರ ಒಲೆಗೆ ಬೀಸುತ್ತದೆ. ಭರಮಪ್ಪ ಅದನ್ನು ಬೆರಳಲ್ಲಿ ಎಣಿಸುತ್ತಿರುವಾಗಲೇ ಮಲಕವ್ವ ಕೊತಕೊತ ಕುದಿಯುವ ಗಡಿಗೆ ಎತ್ತಿಕೊಂಡು ಎದ್ದಳು. ರಸ್ತೆ ದಾಟಿದಳು. ಗಂಡ ಉರಿಯುವ ಕೊಳ್ಳಿ ಹಿಡಿದು ಹಿಂದೆ ಓಡಿದ. ಅವಳು ಜಾಲಿಯ ನಡುವೆ ಕಾಲಿನಿಂದ ಮುಳ್ಳು ಸರಿಸಿ, ಮೂರು ಕಲ್ಲು ಹುಡುಕಿ ಇಟ್ಟು, ಮೇಲೆ ಗಡಿಗೆ ಕೂರಿಸಿದಳು.

“ಒಲಿ ಇಲ್ಲೇ. ಮನಿ ಇದರ ಸುತ್ತ ಕಟ್ಟ್ರಿ.”

ಭರಮಪ್ಪ ಕೊಳ್ಳಿಯನ್ನು ಗಡಿಗೆಯ ಕೆಳಗಿಟ್ಟ. ಅವನ ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು. ಗುರಣ್ಣ ಕಾಕಾ ಒದ್ದೆ ಧೋತರ ಎತ್ತಿ ಹಿಡಿದು, ಮುಳ್ಳು ನೋಡಿಕೊಂಡು ಹೆಜ್ಜೆ ಇಡುತ್ತ ಬರುತ್ತಿದ್ದ. ಬಂದವನು ಸೂರ್ಯ ಮುಳುಗುವ ದಿಕ್ಕು ನೋಡಿದ, ಒಲೆಯನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

“ಅಲ್ಲವಾ ಮಲಕವ್ವ, ಒಂದೀಟ ಅತ್ತ ಸರಿದ್ರ…”