ಹಡಗಿನ ಬಲಗಡೆ

ಅರ್ಧಕ್ಕೆ ಬಿಟ್ಟ ಕೆಲಸಗಳಿಗೆ ಪ್ರತಿಯೊಂದು ಮನೆಯಲ್ಲೂ ಒಂದು ಗೊತ್ತಾದ ಜಾಗ ಇರುತ್ತದೆ. ಕೆಲವರಿಗೆ ಅದು ಮಂಚದ ಕೆಳಗೆ, ಕೆಲವರಿಗೆ ಬಾಲ್ಕನಿಯ ಮೂಲೆ. ನಮ್ಮ ಮನೆಯಲ್ಲಿ ಕಪಾಟಿನ ಮೇಲೆ. ಅಲ್ಲಿ ಒಂದು ಹಾರ್ಮೋನಿಯಂ ಇದೆ. ನಾನು ಅದರಲ್ಲಿ ‘ಸ’ದಿಂದ ಹೊರಟು ‘ಪ’ದವರೆಗೆ ಹೋಗಿ ಅಲ್ಲೇ ಇಳಿದುಕೊಂಡವನು. ಒಂದು ಜರ್ಮನ್ ಕಲಿಸುವ ಪುಸ್ತಕ ಇದೆ. ಆ ಭಾಷೆಯಲ್ಲಿ ನನ್ನ ಹೆಸರು ಹೇಳಬಲ್ಲೆ, ಎದುರಿನವರು ತಮ್ಮ ಹೆಸರು ಹೇಳಿದರೆ ತಿಳಿಯುವುದಿಲ್ಲ. ಇವುಗಳ ನಡುವೆ ಮೊನ್ನೆಮೊನ್ನೆಯವರೆಗೂ ನನ್ನ ಹೆಂಡತಿ ವಿಮಲಾಳ ಹಳೆಯ ಸೀರೆ ಹೊದ್ದುಕೊಂಡು ಒಂದು ಕಟ್ಟಿಗೆಯ ಹಡಗು ಕೂತಿತ್ತು. ಎರಡು ಮೊಳ ಉದ್ದ, ಹಾಯಿ ಕಟ್ಟಲು ಮೂರು ಕೂವೆಮರ. ಯಾರಾದರೂ ಕೇಳಿದರೆ ‘ಕಟ್ಟುತ್ತಾ ಇದ್ದೇನೆ’ ಎಂದೇ ಹೇಳುತ್ತಿದ್ದೆ. ಕೈಗೆ ಅಂಟು ತಾಗಿ ವರ್ಷಗಳೇ ಆಗಿದ್ದವು.

ಗದಗಿನ ಕಡೆಯವನಿಗೂ ಹಡಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಬಳಗದವರೆಲ್ಲ ಕೇಳಿ ಮುಗಿಸಿದ್ದಾರೆ. ನಮ್ಮೂರ ಕೆರೆಯಲ್ಲಿ ಎಮ್ಮೆ ಬಿಟ್ಟರೆ ಬೇರೇನೂ ತೇಲಿದ್ದನ್ನು ನಾನು ಕಂಡಿಲ್ಲ. ಸಮುದ್ರಯಾನದ ಮಾತು ಹಾಗಿರಲಿ, ಊರಿಗೆ ಹೋಗುವ ಬಸ್ಸು ಪುಣೆ ದಾಟಿ ಕಾತ್ರಜ ಘಾಟಿನ ತಿರುವುಗಳಲ್ಲಿ ಹೊರಳಿದರೇ ನನಗೆ ಹೊಟ್ಟೆ ತೊಳಸುತ್ತದೆ; ಸಾತಾರಾ ಬರುವವರೆಗೂ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಂಡಿರುತ್ತೇನೆ. ಹೊಟ್ಟೆಪಾಡಿಗೆ ಪುಣೆಗೆ ಬಂದು, ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳ ಖರೀದಿ ನೋಡಿಕೊಂಡಿದ್ದವನು, ಒಂದು ದಿನ ಕ್ಯಾಂಪ್ ಪೇಟೆಯ ಅಂಗಡಿಯೊಂದರಲ್ಲಿ, ಮನೆಯಲ್ಲೇ ಹಡಗು ಕಟ್ಟುವ ಸಾಮಾನಿನ ಡಬ್ಬಿಯೊಂದನ್ನು ಕಂಡೆ. ಡಬ್ಬಿಯ ಮೇಲೆ ಬಿಳಿ ಗಡ್ಡದ ಒಬ್ಬ ಮುದುಕ, ತಾನು ಕಟ್ಟಿದ ಹಡಗಿನ ಪಕ್ಕ ಕೂತು ನಗುತ್ತಿದ್ದ. ಅಷ್ಟು ನೆಮ್ಮದಿಯ ನಗುವನ್ನು ನಮ್ಮ ಕಾರ್ಖಾನೆಯಲ್ಲಿ ನಾನು ಯಾರ ಮುಖದಲ್ಲೂ ನೋಡಿರಲಿಲ್ಲ. ಆ ಮುದುಕನನ್ನು ನಂಬಿ ಡಬ್ಬಿಯನ್ನು ಮನೆಗೆ ತಂದೆ. ಒಳಗೆ ಹಡಗಿನ ಬದಲು ಊದಿನಕಡ್ಡಿಯ ಕಟ್ಟಿನಂತೆ ಕಟ್ಟಿಗೆಯ ಪಟ್ಟಿಗಳು, ದಾರದ ಉಂಡೆಗಳು, ಮತ್ತೆ ಓದಿದಷ್ಟೂ ತಲೆ ತಿರುಗಿಸುವ ಒಂದು ಪುಸ್ತಕ ಇದ್ದವು.

ಮೊದಲ ವರ್ಷದ ಹುರುಪನ್ನು ಏನೆಂದು ಹೇಳಲಿ! ಹಡಗಿನ ಹೊಟ್ಟೆ ಬಾಗಿದ್ದು. ಅದಕ್ಕೆ ಅಂಟಿಸುವ ಪಟ್ಟಿಗಳೂ ಬಾಗಬೇಕು. ಬಾಗಿಸಲು ಹಬೆ ಬೇಕು. ನಮ್ಮ ಮನೆಯಲ್ಲಿ ಹಬೆ ಇರುವ ಜಾಗ ಇಡ್ಲಿಪಾತ್ರೆ. ಎರಡು ಭಾನುವಾರ ಇಡ್ಲಿಗೆ ಬಡಗಿಯ ಅಂಗಡಿಯ ವಾಸನೆ ಬಂದಿತೆಂದು ಮೂರನೆಯ ಭಾನುವಾರ ನನಗೆ ಪಾತ್ರೆ ಸಿಗಲಿಲ್ಲ. ಅಂಟಿಸಿದ ಪಟ್ಟಿ ಒಣಗುವವರೆಗೆ ಹಿಡಿದಿಡಲು ಏನಾದರೂ ಬೇಕಲ್ಲ, ಒಗೆದ ಬಟ್ಟೆಗೆ ಹಾಕುವ ಚಿಮಟಿಗೆಗಳನ್ನೆಲ್ಲ ಹಡಗಿಗೆ ಹಾಕಿದೆ. ಹಡಗು ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು, ನನ್ನ ಬನಿಯನ್ನುಗಳು ಎದುರು ಫ್ಲ್ಯಾಟಿನ ಶಿಂದೆಯವರ ಗ್ಯಾಲರಿಗೆ ಹಾರಿಹೋಗುತ್ತಿದ್ದವು. ಪಾಪ, ಶಿಂದೆ ಒಳ್ಳೆಯ ಮನುಷ್ಯರು. ಮಡಿಸಿ ತಂದುಕೊಟ್ಟು, ಹಡಗಿನ ಯೋಗಕ್ಷೇಮ ವಿಚಾರಿಸಿಯೇ ಹೋಗುತ್ತಿದ್ದರು.

ಕಟ್ಟಿಗೆಯ ಕೆಲಸ ನನ್ನದಾಯಿತು. ಹಗ್ಗದ ಕೆಲಸ ಬಂದಾಗ ನನ್ನ ಕೈ ಸೋತಿತು. ಕೂವೆಮರದ ತುದಿಯಿಂದ ಹಡಗಿನ ಅಂಚಿನವರೆಗೆ ಎರಡೂ ಕಡೆ ಹಗ್ಗದ ಏಣಿಗಳು ಇಳಿಯಬೇಕು. ಒಂದೊಂದು ಮೆಟ್ಟಿಲೂ ಅಕ್ಕಿಕಾಳಿನಷ್ಟು ಅಗಲ, ಮೆಟ್ಟಿಲಿಗೊಂದು ಗಂಟು. ನಾನು ಹಾಕಿದ ಮೊದಲ ಏಣಿಯನ್ನು ನೋಡಿ ವಿಮಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಧಾರವಾಡದವಳು. ಕೈಯಲ್ಲಿ ಕಸೂತಿ ಇದ್ದವಳು. ಇಳಕಲ್ ಸೀರೆಯ ಸೆರಗಿನ ಮೇಲೆ ಎಳೆ ಎಣಿಸಿ ಅವಳು ಹಾಕಿದ ಕಸೂತಿಯನ್ನು ಒಳಗಿನಿಂದ ನೋಡಿದರೂ ಒಂದೇ, ಹೊರಗಿನಿಂದ ನೋಡಿದರೂ ಒಂದೇ. ಅಲ್ಲಿ ಗಂಟು ಹಾಕುವುದೇ ಇಲ್ಲ. ದಾರದ ತುದಿಯನ್ನು ಹೊಲಿಗೆಯ ಹೊಟ್ಟೆಯೊಳಗೇ ಅಡಗಿಸಿಬಿಡುತ್ತಾರೆ.

“ಸರೀರಿ ಅತ್ಲಾಗ. ಗಂಟು ಯಾಕ ಬೇಕು ಇದಕ್ಕ? ಅಸಹ್ಯ ಕಾಣಸ್ತದ,” ಎಂದು ಸೂಜಿ ತೆಗೆದುಕೊಂಡಳು.

“ಪುಸ್ತಕದಾಗ ಗಂಟು ಹಾಕಂತ ಬರದಾರ.”

“ಬರದಾವ್ರಿಗೆ ಕಸೂತಿ ಬರ್ತಿದ್ದಿಲ್ಲ, ಅದಕ್ಕ ಬರದಾರ.”

ಹೀಗೆ ಆ ಹಡಗಿನ ಎಡಗಡೆಯ ಏಣಿಗಳೆಲ್ಲ ಒಂದೂ ಗಂಟಿಲ್ಲದೆ, ಧಾರವಾಡದ ಪದ್ಧತಿಯಲ್ಲಿ ತಯಾರಾದವು. ಜಗತ್ತಿನ ಯಾವ ನಾವಿಕನೂ ಅಂಥ ಏಣಿಯನ್ನು ಹತ್ತಿರಲಾರ. ಎಡಗಡೆ, ಬಲಗಡೆ ಎರಡನ್ನೂ ಸ್ವಲ್ಪಸ್ವಲ್ಪವಾಗಿ, ಸಮನಾಗಿ ಮಾಡುತ್ತ ಬರಬೇಕೆಂದು ಪುಸ್ತಕ ಹೇಳಿತ್ತು. ನಾವು ಕೇಳಲಿಲ್ಲ. ಏಣಿಗಳ ಬುಡ ಕಟ್ಟುವ ಎಡಗಡೆಯ ಅಂಚುಪಟ್ಟಿಯನ್ನು ನಾನು ಕೂರಿಸಿ ಆಗಿತ್ತು, ಅವಳ ಕೈ ತುರಿಸುತ್ತಿತ್ತು, ಮಾಡಿ ಮುಗಿಸಿದಳು. ಬಲಗಡೆಯ ಅಂಚುಪಟ್ಟಿ ಕೂರಿಸಿಕೊಟ್ಟರೆ ಆ ಕಡೆಯನ್ನೂ ಮುಗಿಸುವುದೆಂದು ಮಾತಾಯಿತು. ಆ ಸಂಜೆಗಳಲ್ಲಿ ನಾವಿಬ್ಬರೂ ಊಟದ ಟೇಬಲ್ಲಿಗೆ ಒಂದೇ ದೀಪ ಹಾಕಿಕೊಂಡು ಕೂತು, ಮಾತಾಡಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ಮದುವೆಯಾದ ಮೇಲೆ ಅಷ್ಟು ಸುಖವಾಗಿ ನಾವು ಯಾವಾಗ ಸುಮ್ಮನಿದ್ದೆವೋ ನನಗೆ ನೆನಪಿಲ್ಲ.

ಇನ್ನು ಬಿಟ್ಟದ್ದು ಹೇಗೆ ಎಂಬ ವಿಷಯ. ಸಿಗರೇಟು ಬಿಟ್ಟವರಿಗೆ ಬಿಟ್ಟ ದಿನ ನೆನಪಿರುತ್ತದೆ. ಹಡಗು ಬಿಟ್ಟವನಿಗೆ ಇರುವುದಿಲ್ಲ. ಬಲಗಡೆಯ ಅಂಚುಪಟ್ಟಿಯನ್ನು ಬಾಗಿಸುವಾಗ ಅದು ಲಟ್ಟನೆ ಮುರಿಯಿತು. ಇನ್ನೊಂದು ತರಬೇಕಿತ್ತು. ಅಷ್ಟರಲ್ಲಿ ಮಳೆಗಾಲ ಬಂತು. ತೇವದಲ್ಲಿ ಅಂಟು ಹಿಡಿಯುವುದಿಲ್ಲವೆಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಮಳೆ ಹೋಗುವಷ್ಟರಲ್ಲಿ ಗಣಪತಿ, ಗಣಪತಿ ಹೋಗುವಷ್ಟರಲ್ಲಿ ಕಾರ್ಖಾನೆಯಲ್ಲಿ ಆಡಿಟ್ಟು. ಆಡಿಟ್ಟು ಮುಗಿದ ಮೇಲೆ ಕೂತುಕೊಳ್ಳಲು ಹೋದರೆ ಅಂಟು ಬಾಟಲಿಯಲ್ಲೇ ಕಲ್ಲಾಗಿತ್ತು. ಹೊಸ ಅಂಟು ತಂದೆ. ಅದರ ಜೊತೆಗೆ ಚಿಕ್ಕದೊಂದು ಗರಗಸ, ಮೂರು ಥರದ ಅರ, ಕೈ ಬಿಟ್ಟರೂ ತಾನೇ ನಿಲ್ಲುವ ಒಂದು ಭೂತಗನ್ನಡಿಯನ್ನೂ ತಂದೆ. ಕೆಲಸದ ಮೇಲೆ ಮನಸ್ಸು ಹೋದವನಿಗೆ ಸಾಮಾನಿನ ಮೇಲೆ ಮನಸ್ಸು ಬರುತ್ತದೆ. ಸಾಮಾನು ಹೆಚ್ಚಾದಷ್ಟೂ ಹಡಗನ್ನು ನೋಡಲು ನಾಚಿಕೆಯಾಗತೊಡಗಿತು. ಕೊನೆಗೆ ಯಾವುದೋ ಹಬ್ಬಕ್ಕೆ ನೆಂಟರು ಬರುತ್ತಾರೆಂದು ಟೇಬಲ್ಲಿನಿಂದ ಎತ್ತಿ ಕಪಾಟಿನ ಮೇಲಿಟ್ಟೆ. ನೆಂಟರು ಹೋದರು. ಹಡಗು ಇಳಿಯಲಿಲ್ಲ.

ಶಿಂದೆಯವರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ “ಕಾಯ್ ಹೋ, ಜಹಾಜ್ ಕುಠಪರ್ಯಂತ ಆಲಂ?” ಎಂದು ಕೇಳುತ್ತಿದ್ದರು. ಹಡಗು ಎಲ್ಲಿಯವರೆಗೆ ಬಂತು ಎಂದರೆ ಏನು ಹೇಳಲಿ? “ಲೋಣಾವಳಾ ಘಾಟದಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ, ಮುಂಬಯಿ ಮುಟ್ಟಿದರೆ ಸಮುದ್ರವೇ” ಎಂದು ಅವರ ಮರಾಠಿಯಲ್ಲೇ ಹೇಳಿ ನಗಿಸಿದೆ. ಮುಂದಿನ ಸಲವೂ ಅದನ್ನೇ ಹೇಳಿದೆ. ಅವರು ನಕ್ಕರು, ಆದರೆ ಆ ಮೇಲೆ ಕೇಳುವುದನ್ನು ಬಿಟ್ಟರು.

ವಿಮಲಾಳೂ ಕೇಳುತ್ತಿದ್ದಳು. “ಬಲಗಡೆ ಯಾವಾಗ ಕೊಡ್ತೀರಿ?” ಮೊದಮೊದಲು ವಾರಕ್ಕೊಮ್ಮೆ; ಆಮೇಲೆ ಹಬ್ಬಹುಣ್ಣಿಮೆಗೆ. ಕಪ್ಪು ದಾರ ಪೋಣಿಸಿದ ಸೂಜಿಯನ್ನು ಅವಳು ದೇವರ ಮನೆಯ ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದಳು. ವರ್ಷ ತಿರುಗಿದಾಗ ಹೊಸ ಕ್ಯಾಲೆಂಡರಿಗೆ ಚುಚ್ಚುತ್ತಿದ್ದಳು. ಯಾವಾಗಲೋ ಕೇಳುವುದು ನಿಂತಿತು. ಒಂದು ಕಾಟ ತಪ್ಪಿತೆಂದು ನಾನು ಹಗುರಾದೆ.

ಈ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಕಪಾಟು ಸರಿಸಬೇಕಾಗಿ ಬಂದು ಹಡಗು ಕೆಳಗಿಳಿಯಿತು. ಸೀರೆ ತೆಗೆದೆ. ಒಂದೇ ಕಡೆಯ ಹಗ್ಗ ಇಷ್ಟು ವರ್ಷ ಎಳೆದೂ ಎಳೆದೂ ಮೂರು ಕೂವೆಮರಗಳೂ ಎಡಕ್ಕೆ ವಾಲಿದ್ದವು. ಆದರೆ ಆ ಏಣಿಗಳು! ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಮೆಟ್ಟಿಲು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಒಂದು ದಾರದ ತುದಿ ಹೊರಗಿಲ್ಲ. ಇಂಥ ಕೈಯನ್ನು ಕಾಯಿಸಿ ಕೂರಿಸಿದೆನಲ್ಲ ಎಂದು ಮೊದಲ ಸಲ ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟೇ ಹುರುಪಾಯಿತು. ಬಣ್ಣದವರು ಇತ್ತ ಗೋಡೆ ಉಜ್ಜುತ್ತಿದ್ದರೆ ನಾನು ಅತ್ತ ಬಾಲ್ಕನಿಯಲ್ಲಿ ಹೊಸದಾಗಿ ತಂದ ಅಂಚುಪಟ್ಟಿ ಉಜ್ಜುತ್ತಿದ್ದೆ. ದೀಪಾವಳಿ ಕಳೆದು ತುಳಸಿ ಲಗ್ನ ಬರುವಷ್ಟರಲ್ಲಿ ಬಲಗಡೆ ತಯಾರಾಯಿತು. ಅವಳಿಗೆ ಗೊತ್ತಾಗಬಾರದೆಂದು ಮುಚ್ಚಿಮುಚ್ಚಿ ಮಾಡಿದೆ. ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಗೊತ್ತಾಗಿಲ್ಲ ಎಂದು ನಂಬಿದವನೂ ನಾನೇ.

ಒಂದು ಸಂಜೆ ಟೇಬಲ್ಲಿನ ಮೇಲೆ ಹಡಗಿಟ್ಟು, ದೀಪ ಹಾಕಿ, ಕ್ಯಾಲೆಂಡರಿನಿಂದ ಸೂಜಿ ಕಿತ್ತು ತಂದು, ಅವಳನ್ನು ಕರೆದೆ. “ತಗೋ, ನಿನ್ನ ಬಲಗಡೆ!”

ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. “ಭಾಳ ಚಂದ ಮಾಡೀರಿ,” ಎಂದಳು. ಸೂಜಿ ಮಾತ್ರ ತೆಗೆದುಕೊಳ್ಳಲಿಲ್ಲ.

“ಕೂಡು, ಹಾಕು.”

“ನನ್ನ ಕೈಲೆ ಆಗೂದಿಲ್ರಿ ಈಗ. ಬೆರಳು ಮಡಚೂದಿಲ್ಲ. ಕಸೂತಿ ಬಿಟ್ಟು ಎರಡು ವರ್ಷಾತು. ನಿಮಗ ಗೊತ್ತ ಆಗಿಲ್ಲೇನು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಆಶ್ಚರ್ಯದಿಂದ ಕೇಳಿದಳು. ಸಂಧಿವಾತ ಇರುವುದು ನನಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಸ್ಕೂಟರಿನಲ್ಲಿ ಕರೆದುಕೊಂಡು ಹೋದವನು ನಾನೇ, ಎಣ್ಣೆ ತಂದವನು ನಾನೇ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ನನ್ನನ್ನೇ ಕರೆಯುತ್ತಿದ್ದಳು. ನನ್ನ ತೋಳಿನ ಬಲಕ್ಕೆ ಸಂದ ಗೌರವವೆಂದು ಎದೆಯುಬ್ಬಿಸಿ ತೆಗೆದುಕೊಡುತ್ತಿದ್ದೆ. ಅಂಗಿಯ ಗುಂಡಿ ಹಚ್ಚಲು ದರ್ಜಿಗೆ ಕೊಡತೊಡಗಿದಳು. ಹೋಳಿಗೆ ಅಂಗಡಿಯಿಂದ ಬರತೊಡಗಿತು. ‘ಇವು ಮೆತ್ತಗವ’ ಎಂದು ಹೊಗಳಿ ಇನ್ನೊಂದು ಹಾಕಿಸಿಕೊಂಡೆ. ಕಾರ್ಖಾನೆಗೆ ಬಂದ ಮಾಲಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಡಿದು ವಾಪಸ್ಸು ಕಳಿಸುವ ಮನುಷ್ಯ ನಾನು. ಮನೆಯಲ್ಲಿ ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ.

“ನಾ ಹಿಂದಕ ಮಾಡಿಕೊಟ್ಟಿದ್ರ?” ಎಂದೆ. ಕೇಳಬಾರದಿತ್ತು.

“ಮಾಡತಿದ್ದೆ,” ಎಂದಳು. “ಮಾಡೂ ಆಶಾನೂ ಭಾಳ ಇತ್ರಿ.”

ಆ ಹೊತ್ತು ನಮ್ಮ ಊಟ ಸಪ್ಪಗಾಯಿತು. ಹಡಗನ್ನು ಮತ್ತೆ ಮೇಲಿಟ್ಟುಬಿಡಲೇ ಎಂದು ಕೇಳಿದೆ. “ಮ್ಯಾಲೆ ಇಟ್ರ ನೋಡ್ರಿ ಮತ್ತ!” ಎಂದು ಗದರಿದಳು. “ನೀವ ಹಾಕ್ರಿ. ನಾ ಹೇಳತೀನಿ.”

ಅಂದಿನಿಂದ ಸಂಜೆ ಚಹಾ ಆದ ಮೇಲೆ ಇಬ್ಬರೂ ಟೇಬಲ್ಲಿಗೆ ಕೂರುತ್ತೇವೆ. ಬೆರಳು ನನ್ನವು, ವಿದ್ಯೆ ಅವಳದು. “ಅಷ್ಟ ಜಗ್ಗಬ್ಯಾಡ್ರಿ, ಅದೇನು ಬಾವಿ ಹಗ್ಗ ಏನು?” ಎನ್ನುತ್ತಾಳೆ. “ಎಡಗಡೀದು ನೋಡಿಕೋತ ಹಾಕ್ರಿ.” ನೋಡಿಕೊಂಡು ಹಾಕಿದರೂ ನನ್ನದು ಬೇರೆಯೇ ಆಗುತ್ತದೆ. ದಾರದ ತುದಿ ಅಡಗಿಸಲು ಹೋದರೆ ಅದು ಇನ್ನೊಂದು ಕಡೆಯಿಂದ ಹೊರಗೆ ಇಣುಕುತ್ತದೆ. ಆಗ ಅವಳು ತಪ್ಪು ಎಲ್ಲಿ ಎಂದು ತೋರಿಸಿ, “ಬಿಚ್ರಿ,” ಎನ್ನುತ್ತಾಳೆ. ಬಿಚ್ಚುತ್ತೇನೆ. ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಗಿ ದಾರಕ್ಕೆ ಜೂಲು ಬಂದಿದೆ.

ಕಳೆದ ಭಾನುವಾರ ಒಂದು ಮೆಟ್ಟಿಲು ಸರಿಯಾಗಿ ಬಂತು. ಭೂತಗನ್ನಡಿ ಹಿಡಿದು ಎಡಗಡೆಯದಕ್ಕೂ ಇದಕ್ಕೂ ಹೋಲಿಸಿದೆ, ವ್ಯತ್ಯಾಸ ಕಾಣಲಿಲ್ಲ. ಹಡಗನ್ನು ಅವಳ ಮುಂದೆ ತಿರುಗಿಸಿ ಫಲಿತಾಂಶಕ್ಕೆ ಕಾಯುವವನ ಹಾಗೆ ಕೂತೆ. ಅವಳು ಕನ್ನಡಕ ಏರಿಸಿ, ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಮಡಚದ ಬೆರಳನ್ನು ಆ ಮೆಟ್ಟಿಲ ಮೇಲೆ ಮೆಲ್ಲಗೆ ಆಡಿಸಿದಳು. ಎಡಗಡೆಯನ್ನೂ ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು, ಶಾಲು ಸರಿಯಾಗಿ ಹೊದ್ದುಕೊಂಡು, “ಬಿಚ್ರಿ,” ಎಂದಳು.

ಯಾಕೆ, ಏನಾಗಿದೆ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂತು. ಈ ಸಲ ಅವಳು ತಪ್ಪು ಎಲ್ಲಿ ಎಂದು ತೋರಿಸಿರಲಿಲ್ಲ. ಮುಖ ನೋಡಿದೆ; ಹಳೆಯ ಸಂಜೆಗಳಲ್ಲಿ ದೀಪದ ಕೆಳಗೆ ಕೂತಿದ್ದ ಮುಖವೇ ಅದು. ಕೇಳಲಿಲ್ಲ. ಬಿಚ್ಚಿದೆ.

“ಮತ್ತ ಮೊದಲಿಂದ ಹಾಕ್ರಿ,” ಎಂದಳು. “ನನಗೇನು ಅವಸರ ಇಲ್ಲ.”

“ನನಗೂ ಇಲ್ಲ,” ಎಂದೆ. ಅವಸರ ಮಾಡಬೇಕಾಗಿದ್ದ ವರ್ಷಗಳಲ್ಲೆಲ್ಲ ಇದೇ ಮಾತು ಹೇಳಿಕೊಂಡು ಬಂದವನು ನಾನು. ಅವಳ ಬೆರಳು ನೋಡುತ್ತ ನನಗೆ ಅವಸರ ಹುಟ್ಟಿ, ಅದು ಸುಳ್ಳಾದ ಮೊದಲ ದಿನವೂ ಬಾಯಿಗೆ ಅದೇ ಬಂತು.