ಹೂಂ ಎಂಬ ಕರಾರು

ಬಾಯಿ ತೆರೆಯದೆ ಆಡಬಹುದಾದ ಮಾತು ಒಂದೇ, ಅದು ಹೂಂ. ತಲೆ ಓಡಬೇಕಿಲ್ಲ, ನಾಲಗೆ ಹೊರಳಬೇಕಿಲ್ಲ, ಬಾಯಿ ತುಂಬ ಎಲೆ ಅಡಿಕೆ ಇದ್ದರೂ ನಡೆಯುತ್ತದೆ. ಈ ಮಾತಿನಲ್ಲಿ ನಾನು ಚಿಕ್ಕಂದಿನಿಂದಲೇ ಪಳಗಿದವನು. ತುರ್ವಿಹಾಳದ ನಮ್ಮಜ್ಜಿ ಕಥೆ ಹೇಳುವಾಗ ಒಂದೊಂದು ಮಾತಿಗೂ ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಂತಿತು, ಬಾವಿಗೆ ಬಿದ್ದ ರಾಜಕುಮಾರ ಅಲ್ಲೇ ಬಿದ್ದಿರಬೇಕು. ಅವನ ಮೇಲಿನ ಕರುಣೆಯಿಂದ ನಾನು ನಿದ್ದೆಗಣ್ಣಿನಲ್ಲೂ ಹೂಂ ಅನ್ನುವುದನ್ನು ಕಲಿತೆ. ಮುಂದೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ ಮೇಲೆ ವಿದ್ಯೆ ಪೂರ್ತಿಯಾಯಿತು. ಅಲ್ಲಿನ ಸದ್ದಿನಲ್ಲಿ ಯಾರು ಏನು ಹೇಳಿದರೂ ಕೇಳಿಸುವುದಿಲ್ಲ. ಮಾಲೀಕರು ಬಂದು ತುಟಿ ಅಲ್ಲಾಡಿಸುತ್ತಾರೆ, ನಾನು ತಲೆಯಾಡಿಸಿ ಹೂಂ ಅನ್ನುತ್ತೇನೆ, ಇಬ್ಬರಿಗೂ ಸಮಾಧಾನ.

ನನ್ನ ಹೆಂಡತಿ ಶಿವಲೀಲಾ ಸರಕಾರಿ ಶಾಲೆಯ ಟೀಚರು. ಹೋದ ವರ್ಷದವರೆಗೆ ಸಿಂಧನೂರಿನಲ್ಲೇ ಇದ್ದಳು. ಬಡ್ತಿ ಸಿಕ್ಕಿ ಹೆಡ್‌ಮಿಸ್ ಆಗಿ ಗುರುಗುಂಟಕ್ಕೆ ಹೋದಳು. ಅಲ್ಲೇ ಒಂದು ಬಾಡಿಗೆ ಮನೆ. ಶನಿವಾರ ಶಾಲೆ ಮುಗಿಸಿ ಲಿಂಗಸುಗೂರಿಗೆ ಬಂದು, ಮಸ್ಕಿ ಮೇಲಿಂದ ಬರುವ ಬಸ್ಸು ಹಿಡಿದು ಮನೆ ಸೇರುತ್ತಾಳೆ. ಸೋಮವಾರ ನಸುಕಿಗೆ ಮತ್ತೆ ಹೊರಡುತ್ತಾಳೆ. ನಡುವಿನ ದಿನಗಳಲ್ಲಿ ಮನೆಯಲ್ಲಿರುವುದು ನಾನು ಮತ್ತು ಅವಳು ಕುಟ್ಟಿಟ್ಟು ಹೋದ ಶೇಂಗಾ ಚಟ್ನಿಪುಡಿ. ಅವಳಿದ್ದಾಗ ಸಂಜೆ ರೊಟ್ಟಿ ಬಡಿಯುತ್ತಾ ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ನಾನು ಪೇಪರು ಹಿಡಿದು ಹೂಂ ಅನ್ನುತ್ತಿದ್ದೆ. ಈಗ ನನ್ನ ಬಳಿ ಹೂಂ ಇದೆ, ಹೂಂ ಅನ್ನಲು ಎದುರಿಗೆ ಮಾತಿಲ್ಲ. ರೊಟ್ಟಿ ಬಡಿಯುವ ಆ ಸಪ್ಪಳ ಎಷ್ಟು ಬೇಕೆನಿಸುತ್ತದೆ ಎಂದರೆ, ಒಮ್ಮೊಮ್ಮೆ ಪಕ್ಕದ ಮನೆಯವರು ರೊಟ್ಟಿ ಬಡಿಯುವಾಗ ಪೇಪರು ಹಿಡಿದು ಗೋಡೆಗೆ ಒರಗಿ ಕೂಡುತ್ತೇನೆ.

ಫೋನಿನಲ್ಲಾದರೂ ಮಾತಾಡೋಣವೆಂದರೆ ಅವಳ ಮನೆಯೊಳಗೆ ನಮ್ಮ ಕಂಪನಿಯ ಸಿಗ್ನಲ್ ಬರುವುದಿಲ್ಲ. ಮಾಳಿಗೆ ಹತ್ತಿದರೆ ಒಂದು ಕಡ್ಡಿ ಕಾಣಿಸುತ್ತದೆ, ಗಾಳಿ ಬೀಸಿದರೆ ಅದೂ ಮಾಯ. ಶನಿವಾರ ಬಸ್ಸು ಮಸ್ಕಿಗೆ ಬಂದಾಗ ಮಾತ್ರ ದನಿ ತಿಳಿಯಾಗುತ್ತದೆ. “ಮಸ್ಕಿಗೆ ಬಂದೀನ್ರೀ, ಅನ್ನಕ್ಕ ಇಡ್ರಿ” ಎಂಬ ಆ ಒಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತೇನೆ.

ಕಂಪನಿ ಬದಲಿಸಬಾರದೇ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ತೊಡಕು. ಹಿಂದೆ ಈ ಕಂಪನಿಯವರು ‘ಜೋಡಿ ಪ್ಲಾನ್’ ಎಂಬ ಹೆಸರಿನಲ್ಲಿ ಗಂಡ ಹೆಂಡಿರಿಬ್ಬರಿಗೂ ಫೋನು ಕೊಟ್ಟು ಕರಾರಿನಲ್ಲಿ ಕಟ್ಟಿಹಾಕಿದ್ದರು. ಕರಾರು ಮುಗಿಯುವವರೆಗೆ ಆ ಫೋನುಗಳಿಗೆ ಬೇರೆ ಸಿಮ್ ಒಗ್ಗುವುದಿಲ್ಲ. ಮುಗಿದ ಮರುದಿನವೇ ಗುರುಗುಂಟದಲ್ಲಿ ಚೆನ್ನಾಗಿ ಸಿಗುವ ಇನ್ನೊಂದು ಕಂಪನಿಗೆ ಹಾರಬೇಕೆಂದು ನಾನು ಕಾದು ಕೂತಿದ್ದೆ. ಮುಗಿಯಬೇಕಾದ ತಿಂಗಳಲ್ಲಿ ಮೆಸೇಜು ಬಂತು: ತಮ್ಮ ಒಪ್ಪಿಗೆಯ ಮೇರೆಗೆ ಕರಾರು ಇನ್ನೆರಡು ವರ್ಷ ಮುಂದುವರಿದಿದೆ, ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಅಗ್ಗದ ಇನ್ನೊಂದು ಫೋನು ಕೊಳ್ಳಬಹುದಿತ್ತು, ನಿಜ. ಆದರೆ ಮನುಷ್ಯನಿಗೆ ಹಟ ಅನ್ನುವುದೂ ಒಂದು ಇರುತ್ತದಲ್ಲ.

ಕಂಪನಿಯ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಲ್ಲಿನ ಮ್ಯಾನೇಜರ್ ಮೆಹಬೂಬ್ ಸಾಹೇಬರು ನಮ್ಮ ಕಡೆಯವರೇ, ತಾಳ್ಮೆಯವರು. ಒಪ್ಪಿಗೆ ಕೊಟ್ಟದ್ದು ಫೋನಿನಲ್ಲಿ ರೆಕಾರ್ಡ್ ಆಗಿರುತ್ತದೆ, ತರಿಸುತ್ತೇನೆ, ಕೇಳಿದ ಮೇಲೆ ಮಾತಾಡೋಣ ಎಂದರು. ಅದು ಬಂತೆಂದು ತಿಳಿದ ಭಾನುವಾರ ಶಿವಲೀಲಾಳನ್ನೂ ಕರೆದುಕೊಂಡು ಹೋದೆ. ಜೋಡಿ ಪ್ಲಾನ್ ಬಿಡಿಸಲು ಜೋಡಿಯಾಗಿಯೇ ಬರಬೇಕಂತೆ. ವಿಚ್ಛೇದನಕ್ಕೂ ಇಷ್ಟು ಕಟ್ಟಳೆ ಇಲ್ಲವೇನೋ.

ಸಾಹೇಬರು ಗುಂಡಿ ಒತ್ತಿದರು. ಒಬ್ಬ ಹುಡುಗಿಯ ದನಿ ಸಕ್ಕರೆಯಂತೆ ಹೊರಬಂತು, ಊಟ ಆಯ್ತಾ ಸರ್ ಎಂದು. ನನಗೆ ನೆನಪಾಯಿತು. ವಾರದ ನಡುವಿನ ಒಂದು ಸಂಜೆ, ಒಲೆಯ ಮೇಲೆ ಅನ್ನ ಬೇಯುವಾಗ ಬಂದ ಕರೆ. ಅವಳು ಮುಂದೆ ಏನು ಹೇಳಿದಳೋ ನಾನು ಕೇಳಿಸಿಕೊಂಡಿರಲಿಲ್ಲ. ಆ ಮನೆಯಲ್ಲಿ ಆ ಹೊತ್ತಿಗೆ ನನ್ನ ಊಟದ ವಿಚಾರ ಯಾರೋ ಕೇಳಿದರಲ್ಲ ಎಂಬುದೇ ನನಗೆ ಸಾಕಾಗಿತ್ತು. ರೆಕಾರ್ಡಿನಲ್ಲಿ ಅವಳು ಒಂದೊಂದೇ ಷರತ್ತು ಹೇಳುತ್ತಾಳೆ, ನಾನು ಅಜ್ಜಿಯ ಮುಂದೆ ಕೂತ ಮೊಮ್ಮಗನ ಹಾಗೆ ಹೂಂ, ಹೂಂ ಎನ್ನುತ್ತೇನೆ. ಮುಂದುವರಿಸಲಾ ಸರ್ ಎಂದಾಗ ಅಂದ ಹೂಂ ಅಂತೂ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಮುದ್ದು. ಶಿವಲೀಲಾ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಜಾಹೀರಾತು ನೋಡಿದೆ.

ಸಾಹೇಬರಿಗೆ ನನ್ನ ಮೇಲೆ ಕನಿಕರ ಬಂತು. “ಇದು ನಮ್ ಕಡಿ ಹೂಂ ಐತಿ ಬಿಡ್ರಿ. ಕೇಳಾಕತ್ತೀನಿ ಅಂತ ಅರ್ಥ, ಒಪ್ಪೀನಿ ಅಂತಲ್ಲ. ಮ್ಯಾಲಿನವ್ರಿಗೆ ಅದು ತಿಳಿಯಂಗಿಲ್ಲ. ನನ್ನ ಹೂಂ ಒಪ್ಪಿಗಿ ಅಲ್ಲ ಅಂತ ಒಂದ್ ಮಾತು ಹೇಳ್ರಿ, ಹಂಗ ಟೈಪ್ ಮಾಡಿ ಕಳಸ್ತೀನಿ. ದಂಡ ಮಾಫ್ ಆಗ್ತೈತಿ.”

ಗೆದ್ದೆ ಎನಿಸಿತು. ಗೆದ್ದವನ ಬಾಯಿ ಸುಮ್ಮನಿರುವುದಿಲ್ಲ. “ಒಪ್ಪಿಗಿ ಎಲ್ಲೀದು ಸಾಹೇಬ್ರ,” ಎಂದೆ, “ಮನ್ಯಾಗ ಈಕಿಗೂ ಲಗ್ನ ಆದಾಗಿಂದ ಹಿಂಗ ಹೂಂ ಅನಕೋತ ಬಂದೀನಿ. ಒಂದಕ್ಕೂ ಅರ್ಥ ಇಲ್ಲ.”

ಸಾಹೇಬರ ಬೆರಳು ಕೀಬೋರ್ಡಿನ ಮೇಲೆ ಓಡತೊಡಗಿತು. ಶಿವಲೀಲಾ ಮೆಲ್ಲಗೆ ಕೇಳಿದಳು: “ಹಂಗಾರ ಬಡ್ತಿ ಆರ್ಡರ್ ಬಂದಾಗ, ಗುರುಗುಂಟಕ್ಕ ಹೋಗ್ಲೇನ್ರೀ ಅಂತ ನಾ ಕೇಳಿದ್ನಲ್ಲ, ಅವತ್ತು ಅಂದ ಹೂಂ ಯಾವ್ದು?”

ನನಗೆ ನೆನಪೇ ಇರಲಿಲ್ಲ. ನನ್ನನ್ನು ಒಂದು ಮಾತು ಕೇಳದೆ ಹೋದಳಲ್ಲ ಎಂದು ಅಷ್ಟು ದಿನ ಒಳಗೊಳಗೇ ಮುನಿಸಿಕೊಂಡಿದ್ದೆ. ಅವಳು ಕೇಳಿದ್ದಳು.

“ಬ್ಯಾಡ ಅಂತೀರೇನೋ ಅಂತ ನೋಡಕೋತ ಕುಂತಿದ್ದೆ,” ಎಂದಳು. “ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತ್ತು.”

ಹೊತ್ತಿದ ಆ ರೊಟ್ಟಿಗೆ ನಾನು ತಕರಾರು ತೆಗೆದದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಹೋಗಬೇಡ ಎಂದು ಅನ್ನಬೇಕಿತ್ತೇ? ಗೊತ್ತಿಲ್ಲ, ಮಿಸ್ ಆಗಿದ್ದವಳು ಹೆಡ್‌ಮಿಸ್ ಆಗುವುದು ನನಗೂ ಬೇಕಿತ್ತು. ಆದರೆ ಅವಳು ಒಂದು ವರ್ಷದಿಂದ ಅಲ್ಲಿ ಒಂಟಿಯಾಗಿ ನಡೆಸಿದ ಬದುಕು ನನ್ನ ಒಂದು ಹೂಂ ಮೇಲೆ ನಿಂತಿತ್ತು, ಅದನ್ನು ಬರೀ ಸದ್ದು ಎಂದು ನಾನೇ ಬರೆಸುತ್ತಿದ್ದೆ.

“ಟೈಪ್ ಮಾಡಬ್ಯಾಡ್ರಿ ಸಾಹೇಬ್ರ,” ಎಂದೆ. “ಹೂಂ ಅಂದೀನಿ ಅಂದ್ರ ಅಂದೀನಿ.”

ಸಾಹೇಬರು ನನ್ನನ್ನೂ ಅವಳನ್ನೂ ನೋಡಿ, ಕೀಬೋರ್ಡ್ ಬಿಟ್ಟು ಚಹಾ ತರಿಸಿದರು. ಒಪ್ಪಿಯೇ ಹೂಂ ಅಂದಿದ್ದೆ ಎಂಬ ನನ್ನ ಮಾತು ಸುಳ್ಳೆಂದು ಶಿವಲೀಲಾಳಿಗೆ ತಿಳಿಯದೆ ಇರಲಿಲ್ಲ. ಆದರೂ ಗಾಡಿಯ ಹಿಂದೆ ಕೂತವಳು ಮನೆಯವರೆಗೂ ನನ್ನ ಹೆಗಲ ಮೇಲಿನ ಕೈ ತೆಗೆಯಲಿಲ್ಲ.

ಹೀಗೆ ಕರಾರು ಮುಂದುವರಿದಿದೆ. ಸಂಜೆ ಅವಳು ಅಲ್ಲಿ ಮಾಳಿಗೆ ಹತ್ತುತ್ತಾಳೆ, ನಾನು ಇಲ್ಲಿ ಪೇಪರು ಮಡಿಸಿಟ್ಟು ಕೂಡುತ್ತೇನೆ. ನಡುನಡುವೆ, ನಾ ಈಗ ಏನಂದೆ ಹೇಳ್ರಿ ಎಂದು ಶಾಲೆಯ ಮಕ್ಕಳನ್ನು ಕೇಳಿದಂತೆ ಕೇಳುತ್ತಾಳೆ, ನಾನು ತಪ್ಪದೆ ಒಪ್ಪಿಸುತ್ತೇನೆ. ನಿನ್ನೆ, “ಮುಂದಿನ ಸಲ ವರ್ಗ ಕೇಳಿ ಸಿಂಧನೂರಿಗೇ ಬಂದುಬಿಡ್ಲೇನ್ರೀ?” ಎಂದಳು. ಅಷ್ಟರಲ್ಲಿ ಗುರುಗುಂಟದಲ್ಲಿ ಗಾಳಿ ಬೀಸಿರಬೇಕು. ನಾನು ಹೂಂ ಎಂದೆ, ಹೂಂ, ಹೂಂ ಎಂದು ಎದ್ದು ನಿಂತು ಪಕ್ಕದ ಮನೆಗೆ ಕೇಳುವ ಹಾಗೆ ಅಂದೆ. ಲೈನು ಕಟ್ಟಾಗಿತ್ತು. ಕೇಳಿಸಿಕೊಂಡು, ಒಪ್ಪಿ ಅಂದ ಮೊದಲನೆಯ ಹೂಂ ಅದು, ಯಾವ ಕಂಪನಿಯವರೂ ಅದನ್ನು ರೆಕಾರ್ಡ್ ಮಾಡಿಕೊಳ್ಳಲಿಲ್ಲ.